ಬಾಂಡ್ ಥೀಮಿನ ನಾಲ್ಕು ತುಂಡುಗಳು: ಯಾರು ಯಾವುದನ್ನು ಉಳಿಸಿಕೊಂಡರು?

ಜೇಮ್ಸ್ ಬಾಂಡ್ ಥೀಮ್ ಗುನುಗಿ ಅಂತ ನಾಲ್ಕು ಜನರನ್ನು ಕೇಳಿ ನೋಡಿ. ಒಬ್ಬರು ಗಿಟಾರಿನ 'ಡಂ ಡಿಡಿ ಡಂ ಡಂ' ಎತ್ತಿಕೊಳ್ಳುತ್ತಾರೆ. ಇನ್ನೊಬ್ಬರು ಅದಕ್ಕೂ ಮೊದಲು ಬರುವ, ಸದ್ದಿಲ್ಲದೆ ಏರಿ ಇಳಿಯುವ ಸ್ವರಗಳನ್ನು ಹಾಡುತ್ತಾರೆ. ಮತ್ತೊಬ್ಬರು ಟ್ರಂಪೆಟ್ಟುಗಳ ಅಬ್ಬರಕ್ಕೆ ಹೋಗುತ್ತಾರೆ. ನಾಲ್ಕನೆಯವರು ಸೀದಾ ಕೊನೆಯ ಆ ಒಂದು ಗಿಟಾರ್ ಕಾರ್ಡಿಗೆ, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಚ್ಛಕ್ಕೆ. ನಾಲ್ವರದ್ದೂ ಸರಿ. ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಕಾಣುವ ಈ ನಾಲ್ಕು ತುಂಡುಗಳಲ್ಲಿ ಯಾವುದನ್ನು ಕೇಳಿದರೂ ನಮಗೆ ನೆನಪಾಗುವುದು ಒಬ್ಬನೇ ವ್ಯಕ್ತಿ.

1962ರಿಂದ 2021ರವರೆಗೆ ಈಯಾನ್ ಸಂಸ್ಥೆ 25 ಬಾಂಡ್ ಚಿತ್ರಗಳನ್ನು ಮಾಡಿದೆ. ಈ ಥೀಮ್ ಎಲ್ಲದರಲ್ಲೂ ಇದೆ. ಆದರೆ ಒಂದೊಂದರಲ್ಲೂ ಬೇರೆ ಥರ ಕೇಳುತ್ತದೆ. 'ಹಳೇದೇ ಚೆನ್ನಾಗಿತ್ತು', 'ಇದು ಡಿಸ್ಕೋ ಆಯಿತು' ಅಂತ ಸುಮ್ನೆ ಹೇಳಿ ಮುಗಿಸಬಹುದು. ಆದರೆ ಯಾವ ಸಂಗೀತಗಾರ ಯಾವ ತುಂಡನ್ನು ಇಟ್ಟುಕೊಂಡ, ಯಾವುದನ್ನು ಬಿಟ್ಟ, ಮುಖ್ಯವಾಗಿ ಯಾವ ಕ್ಷಣಕ್ಕೆ ಕೊಟ್ಟ ಅಂತ ನೋಡುತ್ತಾ ಹೋದರೆ ಈ ಹೋಲಿಕೆಯ ರುಚಿಯೇ ಬೇರೆ.

ಮೊದಲು ಮೂಲವನ್ನು ಬಿಚ್ಚೋಣ. 'ಡಾಕ್ಟರ್ ನೋ' ಚಿತ್ರಕ್ಕಾಗಿ 1962ರ ಜೂನ್‌ನಲ್ಲಿ ಲಂಡನ್ನಿನಲ್ಲಿ ರೆಕಾರ್ಡ್ ಆದದ್ದು. ಪೂರ್ತಿ ಎರಡು ನಿಮಿಷವೂ ಇಲ್ಲ. ಶ್ರುತಿ ಇ ಮೈನರ್. ಆ 'ಇ'ಯನ್ನೇ ಷಡ್ಜ ಅಂದುಕೊಂಡರೆ ನಮ್ಮ ಸ್ವರಗಳಲ್ಲೇ ಎಲ್ಲವನ್ನೂ ಹೇಳಬಹುದು.

ಮೊದಲ ತುಂಡು, ಆ ಏರಿಳಿತ. ಪಂಚಮ, ಶುದ್ಧ ಧೈವತ, ಚತುಶ್ರುತಿ ಧೈವತ, ಮತ್ತೆ ಶುದ್ಧ ಧೈವತ. ಅಷ್ಟೇ. ಇದೇ ಸುತ್ತುತ್ತಾ ಇರುತ್ತದೆ. ಕೆಳಗೆ ಷಡ್ಜ ಅಲುಗಾಡುವುದಿಲ್ಲ, ನಡುವಿನ ಒಂದು ಸ್ವರ ಮಾತ್ರ ಅರ್ಧರ್ಧ ಹೆಜ್ಜೆ ಜರುಗುತ್ತದೆ. ಕರ್ನಾಟಕ ಸಂಗೀತ ಕಲಿತವರಿಗೆ ಇಲ್ಲೊಂದು ವಿಷಯ ಥಟ್ಟನೆ ಹೊಳೆಯಬೇಕು. ಹೀಗೆ ಶುದ್ಧ ಧೈವತದ ಪಕ್ಕದಲ್ಲೇ ಮುಂದಿನ ಸ್ಥಾನವೂ ಬಂದರೆ ಅದನ್ನು ನಾವು ಶುದ್ಧ ನಿಷಾದ ಅನ್ನುತ್ತೇವೆ. ಅಂಥ ಮೇಳಗಳು, ಅಂದರೆ ಮೂಲ ರಾಗಗಳು, ವಿವಾದಿ ಮೇಳಗಳು. ಕನಕಾಂಗಿ ರಾಗದಲ್ಲಿ ಪಂಚಮದ ಮೇಲೆ ಇರುವುದು ಇದೇ ಜೋಡಿ. ಕಿವಿಗೆ ಒಂದು ಸಣ್ಣ ಕಸಿವಿಸಿ, ಏನೋ ನಡೆಯಲಿದೆ ಅನ್ನುವ ಭಾವ. ಪತ್ತೇದಾರಿ ಚಿತ್ರಕ್ಕೆ ಬೇಕಾದದ್ದು ಅದೇ ಅಲ್ವಾ? ಏನೂ ನಡೆಯದೆಯೇ ಬಿಗುವು ಬರಬೇಕು.

ಎರಡನೆಯದು ಗಿಟಾರ್. ಷಡ್ಜ, ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ. ಹೆಚ್ಚು ಕಡಿಮೆ ಈ ಮೂರೇ ಸ್ವರ. ಸ ರಿರಿ ರಿ ರಿ, ಸಸಸ. ಸ ಗಗ ಗ ಗ, ರಿರಿರಿ. ಆಮೇಲೆ ಕೊನೆಯಲ್ಲಿ ಮೇಲಿನಿಂದ ಜಾರುವ ಒಂದು ತುಣುಕು: ಕಾಕಲಿ ನಿಷಾದದಿಂದ ಕೈಶಿಕಿ ನಿಷಾದಕ್ಕೆ, ಅಲ್ಲಿ ಸ್ವಲ್ಪ ನಿಂತು, ಪ ಮ ಪ. ಇದನ್ನು ನುಡಿಸಿದವರು ವಿಕ್ ಫ್ಲಿಕ್. ಕ್ಲಿಫರ್ಡ್ ಎಸ್ಸೆಕ್ಸ್ ಕಂಪನಿಯ ಹಳೆಯ ಗಿಟಾರಿಗೆ ತಂತಿಯ ಸದ್ದನ್ನು ಹಿಡಿಯುವ ಪಿಕಪ್ ಹಾಕಿ, ತಂತಿಯನ್ನು ಗಡುಸಾಗಿ ಮೀಟಿದ್ದರು. ಸ್ವರಗಳಲ್ಲಿ ಇಲ್ಲದ ಒರಟುತನ ಆ ಮೀಟಿನಲ್ಲಿ ಬಂತು. ಈ ತುಂಡು ಮುಂದೆ ಎಷ್ಟೋ ವಾದ್ಯಗಳ ಕೈಗೆ ಹೋಗಿದೆ. ಆ ಮೀಟು ಮಾತ್ರ ಯಾರಿಗೂ ಪೂರ್ತಿ ದಕ್ಕಿಲ್ಲ ಅಂತ ನನ್ನ ಅಭಿಪ್ರಾಯ.

ಮೂರನೆಯದು ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೊಫೋನ್‌ಗಳ ದಾಳಿ. ಇದು ಅಪ್ಪಟ ಜಾಝ್. ಅಲ್ಲಿಯವರೆಗೆ ಹೊಂಚು ಹಾಕುತ್ತಿದ್ದ ಸಂಗೀತ ಇದ್ದಕ್ಕಿದ್ದ ಹಾಗೆ ಸ್ವಿಂಗ್ ಲಯಕ್ಕೆ ಬಿದ್ದು ಮೈಮುರಿದು ಕುಣಿಯುತ್ತದೆ. ನಾಲ್ಕನೆಯದು ಕೊನೆಯ ಕಾರ್ಡ್. ಸ ಗ ಪ, ಜೊತೆಗೆ ಕಾಕಲಿ ನಿಷಾದ, ಮೇಲೆ ರಿಷಭ, ಐದೂ ಒಟ್ಟಿಗೆ. ಸಾಧಾರಣ ಗಾಂಧಾರದ ಜೊತೆ ಕಾಕಲಿ ನಿಷಾದ ಇರುವುದರಿಂದ ಇದು ಮುಗಿದ ಹಾಗೂ ಕೇಳುತ್ತದೆ, ಮುಗಿಯದ ಹಾಗೂ ಕೇಳುತ್ತದೆ. ಗೌರಿಮನೋಹರಿ ರಾಗದಲ್ಲಿ ಈ ಐದೂ ಸ್ವರಗಳಿವೆ. ಆದರೆ ನಾವು ಒಂದೊಂದಾಗಿ ಹಾಡುವುದನ್ನು ಇಲ್ಲಿ ಒಮ್ಮೆಲೇ ಮೀಟಿಬಿಟ್ಟಿದ್ದಾರೆ.

ಇದನ್ನೆಲ್ಲ ಮಾಡಿದವರು ಯಾರು? ಇಲ್ಲಿ ಕತೆ ಸ್ವಲ್ಪ ಕಗ್ಗಂಟು. ಅಧಿಕೃತವಾಗಿ ಸಂಯೋಜಕರು ಮಾಂಟಿ ನಾರ್ಮನ್, ವಾದ್ಯ ಸಂಯೋಜನೆ ಜಾನ್ ಬ್ಯಾರಿಯವರದ್ದು. ನಾರ್ಮನ್ ನಾಟಕ ರಂಗದ ಹಾಡುಗಳನ್ನು ಮಾಡುತ್ತಿದ್ದವರು. ವಿ.ಎಸ್. ನೈಪಾಲ್ ಅವರ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಕಾದಂಬರಿಯನ್ನು ಸಂಗೀತ ನಾಟಕ ಮಾಡುವ ಯೋಜನೆಗೆ 'ಬ್ಯಾಡ್ ಸೈನ್, ಗುಡ್ ಸೈನ್' ಅಂತ ಒಂದು ಹಾಡು ಮಾಡಿದ್ದರು. ಟ್ರಿನಿಡಾಡ್‌ನ ಭಾರತೀಯ ಮೂಲದ ಪಾತ್ರ ಹಾಡಬೇಕಾದದ್ದು. ಆದ್ದರಿಂದ ರಾಗಕ್ಕೆ ಭಾರತೀಯ ಬಣ್ಣ ಇತ್ತು. ನಾಟಕ ರಂಗಕ್ಕೆ ಬರಲೇ ಇಲ್ಲ. ಬಾಂಡ್ ಚಿತ್ರ ಬಂದಾಗ ಅದೇ ರಾಗದ ಸ್ವರಗಳನ್ನು ಕತ್ತರಿಸಿ ಮೊಟಕು ಮಾಡಿದರು. ಗಿಟಾರಿನ ತುಂಡು ಹುಟ್ಟಿದ್ದು ಅಲ್ಲಿಂದ.

ನಿರ್ಮಾಪಕರಿಗೆ ಅಷ್ಟು ಸಾಲಲಿಲ್ಲ. ಬ್ಯಾರಿಯನ್ನು ಕರೆಸಿದರು. ಯಾರ್ಕ್ ಊರಲ್ಲಿ ಸಿನಿಮಾ ಮಂದಿರಗಳಿದ್ದ ಮನೆಯ ಹುಡುಗ, ಟ್ರಂಪೆಟ್ ವಾದಕ, ಸ್ವಂತ ಬ್ಯಾಂಡ್ ಇತ್ತು. ವಿಕ್ ಫ್ಲಿಕ್ ಕೂಡ ಅದೇ ಬ್ಯಾಂಡಿನವರು. ಬ್ಯಾರಿಗೆ ಸಿಕ್ಕಿದ್ದು 250 ಪೌಂಡ್, ಹೆಸರು ನಾರ್ಮನ್ ಅವರದ್ದು. ಮುಂದೆ ಥೀಮ್ ಬರೆದದ್ದು ಬ್ಯಾರಿಯೇ ಅಂತ ಸಂಡೇ ಟೈಮ್ಸ್ ಪತ್ರಿಕೆ ಬರೆದಾಗ ನಾರ್ಮನ್ ಮಾನನಷ್ಟ ಮೊಕದ್ದಮೆ ಹೂಡಿದರು. 2001ರಲ್ಲಿ ಗೆದ್ದರು, 30,000 ಪೌಂಡ್ ಪರಿಹಾರ ಬಂತು. ಕಾನೂನಿನ ಪ್ರಕಾರ ವಿಷಯ ಅಲ್ಲಿಗೆ ಮುಗಿಯಿತು. ಕಿವಿಯ ಪ್ರಕಾರ ನೋಡಿದರೆ ಇಬ್ಬರ ಕೆಲಸವೂ ಅದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಗಿಟಾರಿನ ರಾಗ ನಾರ್ಮನ್ ಅವರದ್ದು. ಆ ಜಾಝ್ ಅಬ್ಬರ, ಆ ಒಟ್ಟು ಕಟ್ಟಡ, ಅದು ಬ್ಯಾರಿಯ ಕೈ. ಥೀಮ್ ತುಂಡು ತುಂಡಾಗಿ ಬಿಚ್ಚಿಕೊಳ್ಳುವುದಕ್ಕೆ ಇದೂ ಒಂದು ಕಾರಣ ಇರಬೇಕು.

ಈಗ ಬಳಕೆಗೆ ಬರೋಣ. ಮೊದಲ ಚಿತ್ರಗಳಲ್ಲಿ ಥೀಮನ್ನು ಎಷ್ಟು ಧಾರಾಳವಾಗಿ ಖರ್ಚು ಮಾಡಿದ್ದಾರೆ ನೋಡಿ. 'ಡಾಕ್ಟರ್ ನೋ'ದಲ್ಲಿ ಜೂಜಿನ ಮೇಜಿನ ಮುಂದೆ ಷಾನ್ ಕಾನರಿ ಸಿಗರೇಟು ಹಚ್ಚಿ ಹೆಸರು ಹೇಳಿದ ಕೂಡಲೇ ಥೀಮ್ ಶುರು. 1963ರ 'ಫ್ರಮ್ ರಷ್ಯಾ ವಿತ್ ಲವ್'ನಲ್ಲಿ ಇನ್ನೂ ಮಜಾ. ಬಾಂಡ್ ಇಸ್ತಾಂಬುಲ್ ಹೋಟೆಲ್ ಕೋಣೆಗೆ ಬರುತ್ತಾನೆ. ಗೋಡೆ ನೋಡುತ್ತಾನೆ, ಫೋನ್ ಎತ್ತಿ ನೋಡುತ್ತಾನೆ, ಎಲ್ಲಾದರೂ ಕದ್ದಾಲಿಸುವ ಯಂತ್ರ ಇದೆಯಾ ಅಂತ ಹುಡುಕುತ್ತಾನೆ. ಅಷ್ಟೇ ನಡೆಯುವುದು. ಆದರೆ ಹಿಂದೆ ಆ ಮೂಲ ರೆಕಾರ್ಡಿಂಗ್ ಜೋರಾಗಿ ಮೊಳಗುತ್ತಿದೆ! ಇವತ್ತಿನ ಯಾವ ಸಂಗೀತಗಾರನೂ ಅಂಥ ದೃಶ್ಯಕ್ಕೆ ಇಷ್ಟು ದೊಡ್ಡ ಸಂಗೀತ ಹಾಕಲಾರ. ಆಗ ಮಾತ್ರ ಅದು ಕೆಲಸ ಮಾಡಿತು. ಈ ಮನುಷ್ಯ ಸುಮ್ನೆ ಕೋಣೆಯಲ್ಲಿ ಓಡಾಡಿದರೂ ನೋಡಬೇಕು ಅನ್ನಿಸುತ್ತದೆ ಅಂತ ನಮಗೆ ಕಲಿಸಿದ್ದೇ ಆ ಸಂಗೀತ.

ಅದೇ ಚಿತ್ರದಲ್ಲಿ ಬ್ಯಾರಿ ಇನ್ನೊಂದು ಕೆಲಸ ಮಾಡಿದರು. '007' ಅನ್ನುವ ಎರಡನೇ ಥೀಮ್ ಬರೆದರು. ಇದು ಪೂರ್ತಿ ಅವರದ್ದೇ. ಹಿತ್ತಾಳೆ ವಾದ್ಯಗಳ, ಓಟದ ಲಯದ, ಸಾಹಸದ ಸಂಗೀತ. ಇದರಲ್ಲಿ ಹೊಂಚು ಇಲ್ಲ, ಕಸಿವಿಸಿ ಇಲ್ಲ. ಹೊಡೆದಾಟ, ಅಟ್ಟಾಟ ಬಂದಾಗ ಇದು. 'ಥಂಡರ್‌ಬಾಲ್'ನ ನೀರೊಳಗಿನ ಕಾಳಗದಲ್ಲೂ ಬಂತು. 1979ರ 'ಮೂನ್‌ರೇಕರ್'ನ ದೋಣಿ ಅಟ್ಟಾಟದಲ್ಲಿ ನಿಧಾನವಾಗಿ, ಸಾವಕಾಶವಾಗಿ ಮತ್ತೆ ಬಂತು. ಆಮೇಲೆ ಕಣ್ಮರೆ. ಮುಖ್ಯ ಥೀಮ್ ಎಲ್ಲರ ಕೈ ದಾಟಿ ಉಳಿಯಿತು, '007' ಬ್ಯಾರಿಯ ಜೊತೆಗೇ ನಿಂತುಹೋಯಿತು. ನನಗೆ ಅದರ ಬಗ್ಗೆ ಜಾಸ್ತಿ ಪ್ರೀತಿ, ಆದರೆ ಕಾರಣ ಗೊತ್ತಾಗುತ್ತದೆ. ಅದು ಇಡೀ ರಾಗವಾಗಿಯೇ ಬರಬೇಕು, ತುಂಡು ಮಾಡಿದರೆ ಬಾಳುವುದಿಲ್ಲ.

ಬ್ಯಾರಿ ತಾನೇ ಕಟ್ಟಿದ್ದನ್ನು ತಾನೇ ಬದಲಾಯಿಸುತ್ತಾ ಹೋದರು. 1969ರ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್'ನಲ್ಲಿ ಮೂಗ್ ಸಿಂಥಸೈಸರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯ ತಂದರು. ಆಗಿನ ಕಾಲಕ್ಕೆ ಅದು ತೀರಾ ಹೊಸದು. ಬಾಂಡ್ ಪಾತ್ರಕ್ಕೂ ಹೊಸ ನಟ, ಗಿಟಾರಿನ ಜಾಗಕ್ಕೂ ಹೊಸ ಸದ್ದು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಗಿಟಾರಿನ ತುಂಡನ್ನು ಪಿಟೀಲುಗಳ ಗುಂಪಿಗೆ ಕೊಟ್ಟರು. 'ಮೂನ್‌ರೇಕರ್' ಶುರುವಿನಲ್ಲಿ ಕೇಳಿ. ಅದೇ ಸ್ವರಗಳು. ಆದರೆ ಒರಟುತನ ಹೋಗಿ ನಯ ಬಂದಿದೆ. ರೋಜರ್ ಮೂರ್ ಅವರ ಬಾಂಡ್ ಹಾಗೇ ಇದ್ದ, ಕೋಟಿನ ಮಡಿಕೆ ಕೆಡದ ಹಾಗೆ ಹೊಡೆದಾಡುವವನು. 1987ರ 'ದ ಲಿವಿಂಗ್ ಡೇಲೈಟ್ಸ್'ನಲ್ಲಿ ಆ ಪಿಟೀಲುಗಳ ಕೆಳಗೆ ಎಲೆಕ್ಟ್ರಾನಿಕ್ ತಾಳ ಸೇರಿಸಿದರು. ಅದೇ ಅವರ ಕೊನೆಯ ಬಾಂಡ್. ಚಿತ್ರದಲ್ಲಿ ಆರ್ಕೆಸ್ಟ್ರಾ ನಡೆಸುವವರಾಗಿ ಒಂದು ಕ್ಷಣ ಅವರೇ ಕಾಣಿಸಿಕೊಳ್ಳುತ್ತಾರೆ.

ನಡುನಡುವೆ ಬೇರೆಯವರು ಬಂದರು. 1973ರಲ್ಲಿ ಬೀಟಲ್ಸ್ ನಿರ್ಮಾಪಕ ಜಾರ್ಜ್ ಮಾರ್ಟಿನ್ ಫಂಕ್ ಬಣ್ಣ ಹಚ್ಚಿದರು. 1981ರಲ್ಲಿ ಬಿಲ್ ಕಾಂಟಿ ತಮ್ಮದೇ ದಾರಿ ಹಿಡಿದರು. ಅವರಿಬ್ಬರಿಗಿಂತ ಹೆಚ್ಚು ಮಾತಾಡಬೇಕಾದವರು ಮಾರ್ವಿನ್ ಹ್ಯಾಮ್ಲಿಷ್.

1977ರ 'ದ ಸ್ಪೈ ಹೂ ಲವ್ಡ್ ಮಿ'ಗೆ ಅವರು ಮಾಡಿದ 'ಬಾಂಡ್ 77' ನಿಜವಾದ ಡಿಸ್ಕೋ. ಜಾಝ್ ಸ್ವಿಂಗ್ ಪೂರ್ತಿ ಹೋಯಿತು, ನೇರ ನಾಲ್ಕು ಏಟಿನ ತಾಳ ಬಂತು. ಇದನ್ನು ಬರೀ ಆಡಿಯೋ ಕೇಳಿ ಹಳತಾಗಿದೆ ಅನ್ನುವವರು ಜಾಸ್ತಿ. ದಯವಿಟ್ಟು ದೃಶ್ಯದ ಜೊತೆ ಕೇಳಿ. ಬಾಂಡ್ ಹಿಮದ ಮೇಲೆ ಸ್ಕೀ ಮಾಡುತ್ತಾ ತಪ್ಪಿಸಿಕೊಳ್ಳುತ್ತಿದ್ದಾನೆ. ಹಿಂದೆ ಗುಂಡು, ಜೊತೆಗೆ ಡಿಸ್ಕೋ. ದಾರಿ ಮುಗಿಯಿತು, ಮುಂದೆ ಪ್ರಪಾತ. ಹಾರುತ್ತಾನೆ. ಆ ಕ್ಷಣದಲ್ಲಿ ಸಂಗೀತ ನಿಲ್ಲುತ್ತದೆ. ಗಾಳಿಯ ಸದ್ದು ಮಾತ್ರ. ಕಾಲಿನ ಸ್ಕೀಗಳು ಕಳಚಿ ಬೀಳುತ್ತವೆ, ಮನುಷ್ಯ ಬೀಳುತ್ತಲೇ ಇದ್ದಾನೆ. ಇಷ್ಟು ಹೊತ್ತು ಒಂದು ಸ್ವರವೂ ಇಲ್ಲ. ಆಮೇಲೆ ಬ್ರಿಟಿಷ್ ಧ್ವಜದ ಬಣ್ಣದ ಪ್ಯಾರಾಚೂಟ್ ಅರಳುತ್ತದೆ, ಥೀಮ್ ಸಿಡಿಯುತ್ತದೆ. ಆ ಜಿಗಿತವನ್ನು ನಿಜವಾಗಿ ಮಾಡಿದವರು ರಿಕ್ ಸಿಲ್ವೆಸ್ಟರ್, ಕೆನಡಾದ ಬ್ಯಾಫಿನ್ ದ್ವೀಪದ ಆಸ್ಗಾರ್ಡ್ ಶಿಖರದಿಂದ. ಅಲ್ಲಿ ಯಾವ ವಾದ್ಯ ನುಡಿಯಿತು ಅನ್ನುವುದಕ್ಕಿಂತ ಎಷ್ಟು ಹೊತ್ತು ಏನೂ ನುಡಿಯಲಿಲ್ಲ ಅನ್ನುವುದೇ ದೊಡ್ಡದು. ಹ್ಯಾಮ್ಲಿಷ್ ಅವರ ಡಿಸ್ಕೋ ಬಗ್ಗೆ ಏನೇ ಹೇಳಿ, ಆ ಮೌನಕ್ಕೆ ಪೂರ್ಣ ಅಂಕ ಕೊಡಲೇಬೇಕು.

ಭಾರತದವರಾದ ನಮಗೆ ಮರೆಯಲಾಗದ ಆವೃತ್ತಿ 1983ರ 'ಆಕ್ಟೋಪಸಿ'ಯದ್ದು. ಬಾಂಡ್ ಉದಯಪುರಕ್ಕೆ ಬಂದು ದೋಣಿಯಿಂದ ಇಳಿಯುತ್ತಾನೆ. ಘಾಟಿನಲ್ಲಿ ಹಾವಾಡಿಗನ ವೇಷದಲ್ಲಿ ಕೂತವರು ಟೆನಿಸ್ ಆಟಗಾರ ವಿಜಯ್ ಅಮೃತರಾಜ್. ಪುಂಗಿಯಲ್ಲಿ ನುಡಿಸುವುದು ಏನು? ಬಾಂಡ್ ಥೀಮ್! ತಾನು ನಿಮ್ಮವನೇ ಅಂತ ಗುರುತು ಹೇಳುವ ಸಂಕೇತ ಅದು. ಹಾಗಾದರೆ ಚಿತ್ರದೊಳಗಿನ ಜನಕ್ಕೂ ಈ ರಾಗ ಗೊತ್ತು ಅಂತಾಯಿತು. ತಮಾಷೆಯ ದೃಶ್ಯವೇ. ಹಾವು, ಪುಂಗಿ ಅಂತ ಪಶ್ಚಿಮದವರ ಕಣ್ಣಿನ ಭಾರತವೂ ಹೌದು. ಆದರೆ ರಾಗದ ಮಟ್ಟಿಗೆ ನನಗೆ ಅದು ಬೇರೆ ಕಾರಣಕ್ಕೆ ಇಷ್ಟ. ಟ್ರಿನಿಡಾಡ್ ಭಾರತೀಯರ ಹಾಡಾಗಿ ಹುಟ್ಟಬೇಕಿದ್ದ ರಾಗ ಲಂಡನ್ನಿನಲ್ಲಿ ಗಿಟಾರಿಗೆ ಹೋಗಿ, 21 ವರ್ಷದ ಮೇಲೆ ರಾಜಸ್ಥಾನದ ಘಾಟಿನಲ್ಲಿ ಪುಂಗಿಗೆ ಬಂತು. ಇಲ್ಲಿ ಏರಿಳಿತದ ತುಂಡು ಇಲ್ಲ, ಜಾಝ್ ಇಲ್ಲ, ಕಾರ್ಡ್ ಇಲ್ಲ. ಗಿಟಾರಿನ ರಾಗ ಒಂದೇ. ಅದು ಎಷ್ಟು ಗಟ್ಟಿ ಅನ್ನುವುದಕ್ಕೆ ಇದಕ್ಕಿಂತ ಪರೀಕ್ಷೆ ಬೇಡ.

ಅದೇ ವರ್ಷ ಇನ್ನೊಂದು ಬಾಂಡ್ ಚಿತ್ರವೂ ಬಂತು, 'ನೆವರ್ ಸೇ ನೆವರ್ ಅಗೇನ್'. ನಿರ್ಮಾಪಕರು ಬೇರೆ, ಥೀಮಿನ ಹಕ್ಕು ಅವರಿಗಿಲ್ಲ. ನಟ ಯಾರು? ಸ್ವತಃ ಷಾನ್ ಕಾನರಿ. ಸಂಗೀತ ಮಿಷೆಲ್ ಲೆಗ್ರಾಂಡ್ ಅವರಂಥ ದೊಡ್ಡವರದ್ದು. ಆದರೂ ನೋಡುವಾಗ ಏನೋ ಕೊರತೆ ಕಾಡುತ್ತದೆ. ಮೊದಲ ಬಾಂಡ್ ಎದುರಿಗೇ ಇದ್ದಾನೆ, ಬಾಂಡ್ ಚಿತ್ರ ನೋಡುತ್ತಿದ್ದೇವೆ ಅಂತ ಮಾತ್ರ ಅನ್ನಿಸುವುದಿಲ್ಲ.

ನಮ್ಮಲ್ಲೂ ಬಾಂಡ್ ಇದ್ದ. ದೊರೈ-ಭಗವಾನ್ ನಿರ್ದೇಶನದ 'ಜೇಡರ ಬಲೆ' 1968ರಲ್ಲಿ ಬಂತು, ಡಾ. ರಾಜ್‌ಕುಮಾರ್ ಸಿಐಡಿ 999 ಆದರು, ಸಂಗೀತ ಜಿ.ಕೆ. ವೆಂಕಟೇಶ್. ಆ ಸರಣಿಯಿಂದ ಜನರ ಬಾಯಲ್ಲಿ ಉಳಿದದ್ದು ಹಾಡು. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ರಾಜ್ ಇಂಗ್ಲಿಷಿನಲ್ಲಿ ಹಾಡಿದ 'ಇಫ್ ಯು ಕಮ್ ಟುಡೇ' ಇವತ್ತಿಗೂ ಹೊಸ ಹುಡುಗರಿಗೂ ಗೊತ್ತು. ನಮ್ಮ ಚಿತ್ರಗಳಲ್ಲಿ ನಾಯಕನ ಗುರುತು ಹಾಡಿನಲ್ಲಿ ಇರುತ್ತದೆ, ಅಲ್ಲಿ ಎರಡು ನಿಮಿಷದ ವಾದ್ಯ ಸಂಗೀತದಲ್ಲಿ.

ಆರು ವರ್ಷದ ಬಿಡುವಿನ ನಂತರ 1995ರಲ್ಲಿ 'ಗೋಲ್ಡನ್‌ಐ' ಬಂತು. ನಿರ್ದೇಶಕ ಮಾರ್ಟಿನ್ ಕ್ಯಾಂಬೆಲ್, ಸಂಗೀತ ಫ್ರಾನ್ಸಿನ ಎರಿಕ್ ಸೆರ್ರಾ. ಸೆರ್ರಾ ಥೀಮನ್ನು ಚೂರು ಚೂರು ಮಾಡಿದರು. ಶುರುವಿನಲ್ಲೇ ಗಿಟಾರಿನ ರಾಗವನ್ನು ಎಲೆಕ್ಟ್ರಾನಿಕ್ ಸದ್ದಿನ ನಗಾರಿಗಳಿಗೆ ಕೊಟ್ಟರು. ಲೋಹದ ಸದ್ದು, ಯಂತ್ರದ ಸದ್ದು. ಶೀತಲ ಸಮರ ಮುಗಿದು ತುಕ್ಕು ಹಿಡಿದ ರಷ್ಯಾದ ಕತೆಗೆ ಇದು ಹೊಂದುತ್ತದೆ ಅಂತಲೇ ನಾನು ಹೇಳುತ್ತೇನೆ. ಆದರೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಬಾಂಡ್ ಟ್ಯಾಂಕ್ ಓಡಿಸಿಕೊಂಡು ಗೋಡೆ ಒಡೆದು ಬರುವ ದೃಶ್ಯಕ್ಕೆ ಅವರು ಕೊಟ್ಟ ಸಂಗೀತ ಕೆಲಸ ಮಾಡಲಿಲ್ಲ. ಜಾನ್ ಆಲ್ಟ್‌ಮನ್ ಅವರಿಂದ ಬೇರೆ ಸಂಗೀತ ಬರೆಸಿದರು. ಪೂರ್ಣ ಆರ್ಕೆಸ್ಟ್ರಾ, ಎದ್ದು ಕೇಳುವ ಬಾಂಡ್ ಥೀಮ್. ಚಿತ್ರದಲ್ಲಿ ನಾವು ಕೇಳುವುದು ಅದನ್ನೇ. ಸೆರ್ರಾ ಮಾಡಿದ ಮೂಲ ಆವೃತ್ತಿ ಸೌಂಡ್‌ಟ್ರ್ಯಾಕ್ ಆಲ್ಬಮ್ಮಿನಲ್ಲಿದೆ. ಎರಡನ್ನೂ ಒಂದಾದ ಮೇಲೆ ಒಂದು ಕೇಳಿ, ದೃಶ್ಯ ಒಂದೇ ಆದರೂ ಟ್ಯಾಂಕಿನೊಳಗೆ ಇರುವ ಮನುಷ್ಯ ಬೇರೆ ಅನ್ನಿಸುತ್ತದೆ. ಸೆರ್ರಾ ಆವೃತ್ತಿಯಲ್ಲಿ ಅವನು ಒಂದು ಯಂತ್ರದೊಳಗಿನ ಇನ್ನೊಂದು ಯಂತ್ರ. ಆಲ್ಟ್‌ಮನ್ ಆವೃತ್ತಿಯಲ್ಲಿ ಟೈ ಸರಿ ಮಾಡಿಕೊಳ್ಳುವ ಬಾಂಡ್.

ಮುಂದಿನ ಐದು ಚಿತ್ರಗಳು ಡೇವಿಡ್ ಅರ್ನಾಲ್ಡ್ ಕೈಗೆ ಬಂದವು. ಬ್ಯಾರಿಯೇ ಮೆಚ್ಚಿ ಶಿಫಾರಸು ಮಾಡಿದ ಹುಡುಗ. 1997ರ 'ಟುಮಾರೋ ನೆವರ್ ಡೈಸ್'ನಲ್ಲಿ ಬ್ಯಾರಿಯ ಹಿತ್ತಾಳೆ ಅಬ್ಬರವನ್ನೂ ಆ ಕಾಲದ ಟೆಕ್ನೋ ತಾಳವನ್ನೂ ಕೂಡಿಸಿದರು. ಅದೇ ವರ್ಷ ಸಂಗೀತಗಾರ ಮೋಬಿ ಮಾಡಿದ ರೀಮಿಕ್ಸ್ ಬ್ರಿಟನ್ನಿನ ಟಾಪ್ 10 ಸೇರಿತು. ಆ ಹೊತ್ತಿಗೆ ನಾಲ್ಕೂ ತುಂಡುಗಳು ಎಲ್ಲೆಲ್ಲೂ ಇದ್ದವು. ಸ್ವಲ್ಪ ಜಾಸ್ತಿಯೇ ಆಗಿತ್ತು.

ಆದ್ದರಿಂದಲೇ 2006ರ 'ಕಸಿನೊ ರಾಯಲ್' ಅಷ್ಟು ಧೈರ್ಯದ ಕೆಲಸ. ಮತ್ತೆ ಮಾರ್ಟಿನ್ ಕ್ಯಾಂಬೆಲ್. ಕತೆಯಲ್ಲಿ ಬಾಂಡ್ ಇನ್ನೂ ಬಾಂಡ್ ಆಗಿಲ್ಲ. ಆಗಷ್ಟೇ ಪರವಾನಗಿ ಸಿಕ್ಕಿದೆ. ಹಾಗಾದರೆ ಥೀಮ್ ಅವನಿಗೆ ಹೇಗೆ ಸಿಗಬೇಕು? ಅರ್ನಾಲ್ಡ್ ಅದನ್ನು ತಡೆಹಿಡಿದರು. ಅದರ ಬದಲು ಗಾಯಕ ಕ್ರಿಸ್ ಕಾರ್ನೆಲ್ ಜೊತೆ ಬರೆದ ಶೀರ್ಷಿಕೆ ಹಾಡಿನ ರಾಗವನ್ನೇ ಸಾಹಸ ದೃಶ್ಯಗಳಿಗೆ ಬಳಸಿದರು. ಥೀಮಿನ ಸುಳಿವು ಅಲ್ಲಲ್ಲಿ ಒಂದಿಷ್ಟು, ಇದೋ ಬಂತು ಅನ್ನುವಷ್ಟರಲ್ಲಿ ಮಾಯ. ಎರಡು ಗಂಟೆಗೂ ಮೇಲೆ ಹೀಗೇ. ಕೊನೆಯಲ್ಲಿ ಕೆರೆಯ ಪಕ್ಕದ ಬಂಗಲೆ. ಖಳನ ಕಾಲಿಗೆ ಗುಂಡು ಬೀಳುತ್ತದೆ. ಅವನು ತೆವಳುತ್ತಾನೆ. ಡೇನಿಯಲ್ ಕ್ರೇಗ್ ಬಂದೂಕು ಹಿಡಿದು ನಿಂತು ಹೆಸರು ಹೇಳುತ್ತಾನೆ. ತಕ್ಷಣ ಥೀಮ್, ಪೂರ್ತಿಯಾಗಿ, ಗಿಟಾರ್ ಸಮೇತ. ಕೂಡಲೇ ಚಿತ್ರ ಮುಗಿಯುತ್ತದೆ.

'ಡಾಕ್ಟರ್ ನೋ'ದಲ್ಲೂ ಹೆಸರು ಹೇಳಿದ ಕೂಡಲೇ ಥೀಮ್ ಬಂದಿತ್ತು ಅಲ್ವಾ? ಸೂತ್ರ ಒಂದೇ. ಅಲ್ಲಿ ಅದು ಪರಿಚಯ, ಇಲ್ಲಿ ಗಳಿಕೆ. ಸ್ವರ ಒಂದನ್ನೂ ಬದಲಾಯಿಸದೆ ಅರ್ಥ ಬದಲಾಯಿಸಿದ ಆವೃತ್ತಿ ಇದು. ಎಲ್ಲ ಆವೃತ್ತಿಗಳಲ್ಲಿ ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಹಿಡಿಯುತ್ತೇನೆ.

ಕೊನೆಯ ಹತ್ತು ವರ್ಷದ ಒಂದು ಬೆಳವಣಿಗೆ ಕುತೂಹಲದ್ದು. ತುಂಡುಗಳು ಹಿನ್ನೆಲೆ ಸಂಗೀತ ಬಿಟ್ಟು ಶೀರ್ಷಿಕೆ ಹಾಡುಗಳೊಳಗೆ ಸೇರಿಕೊಂಡವು. 2012ರಲ್ಲಿ ಅಡೆಲ್ ಹಾಡಿದ 'ಸ್ಕೈಫಾಲ್' ಕೇಳಿ. ಅವರ ಕಂಠದ ಕೆಳಗೆ ಆ ಮೊದಲ ತುಂಡಿನ ಏರಿಳಿತ ಹೊರಳುತ್ತಿರುತ್ತದೆ. ಬಾಂಡ್ ಹಾಡಿಗೆ ಮೊದಲ ಆಸ್ಕರ್ ಬಂದದ್ದು ಅದಕ್ಕೇ. ಅದೇ ಚಿತ್ರದಲ್ಲಿ ಥಾಮಸ್ ನ್ಯೂಮನ್ ಗಿಟಾರಿನ ತುಂಡನ್ನು ಹಳೆಯ ಆಸ್ಟನ್ ಮಾರ್ಟಿನ್ ಕಾರು ಹೊರಬರುವ ಕ್ಷಣಕ್ಕೆ ಇಟ್ಟರು. ಈಗ ಅದು ಮನುಷ್ಯನಿಗಲ್ಲ, ನೆನಪಿಗೆ ಬಾರಿಸುವ ಸಂಗೀತ.

2021ರ 'ನೋ ಟೈಮ್ ಟು ಡೈ' ಹಾಡನ್ನು ಬಿಲ್ಲಿ ಐಲಿಷ್ ಇ ಮೈನರ್‌ನಲ್ಲೇ ಹಾಡಿದ್ದಾರೆ. ಹಾಡು ಮುಗಿಯುವಾಗ ಕೊನೆಗೆ ಒಂದೇ ಒಂದು ಗಿಟಾರ್ ಕಾರ್ಡ್. 1962ರ ಆ ಐದು ಸ್ವರದ ಕಾರ್ಡೇ. ನಾಲ್ಕನೇ ತುಂಡು. ಚಿತ್ರದ ಹಿನ್ನೆಲೆ ಸಂಗೀತ ಹ್ಯಾನ್ಸ್ ಝಿಮ್ಮರ್ ಅವರದ್ದು, ಗಿಟಾರ್ ಹಿಡಿದವರು 'ದ ಸ್ಮಿತ್ಸ್' ಬ್ಯಾಂಡಿನ ಜಾನಿ ಮಾರ್. ಆದರೆ ಚಿತ್ರದ ಕೊನೆಗೆ ಬರುವುದು ಥೀಮ್ ಅಲ್ಲ. ಲೂಯಿ ಆರ್ಮ್‌ಸ್ಟ್ರಾಂಗ್ 1969ರ ಬಾಂಡ್ ಚಿತ್ರಕ್ಕೆ ಹಾಡಿದ್ದ ಬ್ಯಾರಿಯ ಹಾಡು ಅಲ್ಲಿ ಬರುತ್ತದೆ. ಈ ಬಾಂಡ್ ಆಗ ಬದುಕಿಲ್ಲ. ಗೆದ್ದು ನಡೆದು ಹೋಗುವವನ ಸಂಗೀತ ಅಲ್ಲಿ ಹೊಂದುವುದೂ ಇಲ್ಲ.

ಸರಣಿಯ ಹಿಡಿತ 2025ರಲ್ಲಿ ಅಮೆಜಾನ್ ಎಂಜಿಎಂ ಸಂಸ್ಥೆಗೆ ಹೋಯಿತು. ಮುಂದಿನ ಚಿತ್ರಕ್ಕೆ ನಿರ್ದೇಶಕ ಡೆನಿ ವಿಲ್ನೋವ್ ಅಂತ ಪ್ರಕಟವಾಗಿದೆ. ಮತ್ತೆ ಹೊಸ ನಟ, ಹೊಸ ಶುರು. ನನಗೆ ಇರುವ ಆಸೆ ಮೂರನೇ ತುಂಡಿನ ಮೇಲೆ, ಆ ಸ್ವಿಂಗ್ ಜಾಝ್ ಮೇಲೆ. ಏರಿಳಿತಕ್ಕೆ, ಗಿಟಾರಿಗೆ, ಕೊನೆಯ ಕಾರ್ಡಿಗೆ ಒಬ್ಬೊಬ್ಬರು ಹೊಸ ಜಾಗ ಹುಡುಕಿಕೊಟ್ಟರು. ಕುಣಿಯುವ ಆ ಭಾಗವನ್ನು ಮಾತ್ರ ಇತ್ತೀಚಿನವರು ಹಾಗೇ ಬಿಟ್ಟಿದ್ದಾರೆ.